ಕಾರಿನ ದೀಪಕ್ಕೆ ಅತ್ತೆಯ ಮುದ್ದೆ ಪರೀಕ್ಷೆ

ನಮ್ಮ ವಂಶದಲ್ಲಿ ಕಾರಿಗೆ ರಾಗಿಮುದ್ದೆ ತಿನ್ನಿಸಿದವರು ಯಾರಾದರೂ ಇದ್ದರೆ ಅದು ನನ್ನ ಸೋದರತ್ತೆ ಒಬ್ಬಳೇ. ಬರೀ ತಿನ್ನಿಸಲಿಲ್ಲ, ತಿನ್ನಿಸಿ ಕಾರಿನ ಕಾಯಿಲೆಯನ್ನೂ ವಾಸಿ ಮಾಡಿದಳು! ನಂಬುವುದಿಲ್ಲವೇ? ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ನಾನು ಊಟದ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕಾರಿನ ಪಕ್ಕ ನಿಂತಿದ್ದೆ. ಅವತ್ತು ಅಂಗಿಯ ಮೇಲೆ ಚೆಲ್ಲಿಕೊಂಡ ಹುರುಳಿಕಾಳು ಬಸ್ಸಾರಿನ ಕಲೆ ಇನ್ನೂ ಹೋಗಿಲ್ಲ. ಈ ಪ್ರಕರಣದಲ್ಲಿ ನನ್ನ ಕೈಯಲ್ಲಿರುವ ಗಟ್ಟಿ ಸಾಕ್ಷಿ ಅದೊಂದೇ. ಮಿಕ್ಕಿದ್ದೆಲ್ಲ ನೆನಪು. ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಅದು ಮದುವೆ ಮನೆಯ ಫೋಟೋಗ್ರಾಫರನ ಹಾಗೆ. ಜಗಳವಾಡಿಕೊಂಡು ಬಂದವರನ್ನೂ ಸಾಲಾಗಿ ನಿಲ್ಲಿಸಿ, ಎತ್ತರ ನೋಡಿ ಹಿಂದೆ ಮುಂದೆ ಮಾಡಿ, ನಗಿಸಿಬಿಡುತ್ತದೆ.

ಅತ್ತೆಯ ಊರು ರಾವಂದೂರಿನಿಂದ ಸ್ವಲ್ಪ ಒಳಗೆ. ಹೊಗೆಸೊಪ್ಪು, ರಾಗಿ, ಎರಡು ಹಸು, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನು ಎಂಬ ಕಿಟಕಿಯಿಲ್ಲದ ಎತ್ತರದ ಕೋಣೆ, ಇಷ್ಟು ಅವಳ ಸಂಸ್ಥಾನ. ಮಾವ ತೀರಿಕೊಂಡ ಮೇಲೆ ಈ ಸಂಸ್ಥಾನಕ್ಕೆ ಒಂದು ಹಳೆಯ ಕಾರೂ ಸೇರಿಕೊಂಡಿತು. ಅರವತ್ತು ದಾಟಿದ ಹೆಂಗಸು ಕಾರು ಯಾಕೆ ಕೊಂಡಳು? ಅವಳ ಮಗನನ್ನು ಕೇಳಿದರೆ ಹಠಕ್ಕೆ ಅನ್ನುತ್ತಾನೆ. ನಮ್ಮಪ್ಪನನ್ನು ಕೇಳಿದರೆ, ಬಸ್ಸಿನ ಕಂಡಕ್ಟರು ಅವಳ ಕೋಳಿಬುಟ್ಟಿಗೂ ಟಿಕೆಟ್ ಕೇಳಿದ ಅನ್ನುತ್ತಾರೆ. ಅತ್ತೆಯನ್ನೇ ಕೇಳಿದರೆ, "ಬದ್ನೇಕಾಯ್ ಬಣ್ಣ ಚೆಂದಾಗಿತ್ತು ಕಣ್ಲಾ, ತಕ್ಕಂಡೆ" ಅನ್ನುತ್ತಾಳೆ. ಮೂರೂ ನಿಜವಿರಬಹುದು. ಮೂರೂ ಸುಳ್ಳೂ ಇರಬಹುದು!

ಅವಳಿಗೆ ಡ್ರೈವಿಂಗ್ ಕಲಿಸಿದವನು ಊರಿನ ಟ್ರ್ಯಾಕ್ಟರ್ ಡ್ರೈವರು. ಹಾಗಾಗಿ ಅವಳು ಇವತ್ತಿಗೂ ಕಾರನ್ನು ಟ್ರ್ಯಾಕ್ಟರಿನಂತೆಯೇ ಓಡಿಸುತ್ತಾಳೆ. ರಸ್ತೆಯ ನಡುಮಧ್ಯ, ಹಿಂದೆ ಟ್ರೈಲರ್ ಇದೆ ಎಂಬ ನಂಬಿಕೆಯಲ್ಲಿ, ಪ್ರತಿ ತಿರುವಿನಲ್ಲೂ ಒಂದು ಎಕರೆ ಜಾಗ ಬಿಟ್ಟು. ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ಕೂರುತ್ತಾಳೆ. "ಕ್ಲಚ್ಚು ಏನೋ ಏಳ್ತಾ ಇರ್ತದೆ, ಚಪ್ಲಿ ಆಕ್ಕಂಡ್ರೆ ಕೇಳ್ಸಾಕಿಲ್ಲ." ಹಾರನ್ನು ಹೊಡೆಯುವುದೇ ಇಲ್ಲ. ಅಡ್ಡ ಬಂದವರನ್ನು ಗಾಜು ಇಳಿಸಿ ಹೆಸರು ಹಿಡಿದು ಕೂಗುತ್ತಾಳೆ. ಹೆಸರು ಗೊತ್ತಿಲ್ಲದವರು ಅಡ್ಡ ಬಂದರೆ? ಕಾರು ನಿಲ್ಲಿಸಿ, ಯಾವೂರು, ಯಾರ ಮಕ್ಕಳು ಎಂದು ವಿಚಾರಿಸಿಕೊಂಡು, ಆಮೇಲೆ ಪಕ್ಕಕ್ಕೆ ಸರಿಯಿರಿ ಎನ್ನುತ್ತಾಳೆ. ಇದರಿಂದ ಪಿರಿಯಾಪಟ್ಟಣ ತಲುಪುವುದು ತಡವಾಗುತ್ತದೆ ನಿಜ, ಆದರೆ ಎರಡು ಮದುವೆ ಸಂಬಂಧಗಳು ಹೀಗೆ ರಸ್ತೆಯ ಮೇಲೆಯೇ ಕುದುರಿವೆಯಂತೆ.

ಇನ್ನು ಅವಳು ಬಾಗಿಲು ಹಾಕುವ ಚೆಂದವನ್ನು ನೀವು ನೋಡಬೇಕು. ತೊಟ್ಟಿಲಲ್ಲಿ ಮಗು ಮಲಗಿದೆಯೇನೋ ಎಂಬಂತೆ ಕಾರಿನ ಬಾಗಿಲನ್ನು ಎರಡೂ ಕೈಯಿಂದ ಒರಗಿಸಿ, ಸೊಂಟದಿಂದ ಮೆಲ್ಲಗೆ ಒಂದು ಒತ್ತು. 'ಟಕ್' ಎನ್ನುತ್ತದೆ. ಮುಗಿಯಿತು. ಧಡಾರ್ ಎಂದು ಹಾಕಿದವರನ್ನು ಅವಳು ಮತ್ತೆ ಹತ್ತಿಸಿಕೊಳ್ಳುವುದಿಲ್ಲ.

ಇಷ್ಟೆಲ್ಲ ಇದ್ದೂ ಅವಳ ಮತ್ತು ಕಾರಿನ ಸಂಸಾರ ಚೆನ್ನಾಗಿಯೇ ನಡೆದಿತ್ತು, ಆ ದೀಪದ ತಂಟೆ ಶುರುವಾಗುವವರೆಗೆ.

ಕಾರಿನ ಒಳಗೆ, ತಲೆಯ ಮೇಲೆ, ಅಂಗೈಯಷ್ಟು ಅಗಲದ ಒಂದು ದೀಪ ಇರುತ್ತದಲ್ಲ? ಬಾಗಿಲು ತೆಗೆದರೆ ಹತ್ತಬೇಕು, ಹಾಕಿದರೆ ಆರಬೇಕು. ಅದಕ್ಕೆ ಬೇರೆ ಉದ್ಯೋಗವಿಲ್ಲ. ಆದರೆ ಒಂದು ಬೆಳಿಗ್ಗೆ ಅತ್ತೆ ಬೀಗದ ಕೈ ತಿರುಗಿಸಿದರೆ ಕಾರು ಕೆಮ್ಮಲೂ ಇಲ್ಲ. ಬ್ಯಾಟರಿ ಪೂರ್ತಿ ಖಾಲಿ. ಮೇಲೆ ನೋಡಿದರೆ ಆ ದೀಪ ನಂದುವ ಕೆಂಡದ ಹಾಗೆ ಮಿಣಮಿಣ ಎನ್ನುತ್ತಿತ್ತು. ಮಾರನೆಯ ದಿನವೂ ಅದೇ ಕಥೆ. ಒಂದೆರಡು ದಿನ ಸರಿಯಿತ್ತು, ಮತ್ತೆ ಅದೇ. ಅತ್ತೆ ಮಾತ್ರ ಹೇಳಿದ್ದನ್ನೇ ಹೇಳುತ್ತಿದ್ದಳು: "ಸಂಜೆ ದೀಪ ಆರಿದ್ದ ಕಣ್ಣಾರೆ ನೋಡೇ ನಾ ಒಳೀಕ್ ಬಂದಿವ್ನಿ."

ಊರಿನಲ್ಲಿ ಇದರಿಂದ ಹೊಸ ಪದ್ಧತಿಯೇ ಹುಟ್ಟಿತು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗುವವರು ಹಾಲಿನ ಕ್ಯಾನುಗಳನ್ನು ಅತ್ತೆಯ ಕಾರಿನ ತಲೆಯ ಮೇಲಿಟ್ಟು, ಎಲ್ಲರೂ ಸೇರಿ ಕಾರನ್ನು ತಳ್ಳಿ, ಅದು ಗುರುಗುಟ್ಟಿದ ಮೇಲೆ ಕ್ಯಾನು ಇಳಿಸಿಕೊಂಡು ಮುಂದೆ ಹೋಗುವುದು. ಒಂದು ದಿನ ಕಾರು ಅತಿ ಉತ್ಸಾಹದಿಂದ ಸ್ಟಾರ್ಟ್ ಆಗಿಬಿಟ್ಟಿತು. ಒಂದು ಕ್ಯಾನು ಇಳಿಸುವಷ್ಟರಲ್ಲಿ ಅತ್ತೆ ಹೊರಟೇಹೋದಳು! ಹಿಂದೆ ಜನ ಕೂಗುತ್ತಾ ಓಡಿ ಬಂದರೆ, ಬೀಳ್ಕೊಡುತ್ತಿದ್ದಾರೆ ಎಂದುಕೊಂಡು ಇವಳು ಕೈ ಬೀಸಿದಳಂತೆ. ರಾವಂದೂರು ಸರ್ಕಲ್ಲಿನಲ್ಲಿ ಯಾರೋ ತಡೆದು, "ಅವ್ವಾ, ಮ್ಯಾಗಡೆ ಆಲು ಕಾಯಕ್ ಮಡಗಿದ್ದೀರಾ?" ಎಂದು ಕೇಳಿದರಂತೆ. ಒಂದು ತೊಟ್ಟೂ ಚೆಲ್ಲಿರಲಿಲ್ಲ. ಅವಳ ಡ್ರೈವಿಂಗಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ?

ಬೇಕಂತೆ. ಅತ್ತೆಯ ಮಗ, ಅಂದರೆ ನನ್ನ ಭಾವ, ಈ ಸುದ್ದಿ ಕೇಳಿ ನಗಲಿಲ್ಲ. ಅವನಿಗೆ ಹುಣಸೂರಿನಲ್ಲಿ ಮೋಟರು, ಪೈಪುಗಳ ಅಂಗಡಿ. ಜೊತೆಗೆ ಎಚ್.ಡಿ. ಕೋಟೆ ಕಡೆ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಾನೆ. ಒಳ್ಳೆಯವನು. ಆದರೆ ಅವನಿಗೆ ಒಂದು ತೀರ್ಮಾನಕ್ಕೆ ಬಂದುಬಿಟ್ಟರೆ ಅಲ್ಲಿಂದ ವಾಪಸು ಬರುವ ದಾರಿ ಗೊತ್ತಿಲ್ಲ. ದೀಪ ಉರಿದೇ ಇತ್ತು, ಹಾಲಿನ ಕ್ಯಾನು ಮೇಲೇ ಇತ್ತು, ಎರಡನ್ನೂ ಕೂಡಿಸಿ ಅವನು ಹೇಳಿದ: "ಅವ್ವಂಗೆ ಮರೆವು ಶುರುವಾಗದೆ."

ಅವತ್ತಿನಿಂದ ದಿನಾ ಫೋನಿನಲ್ಲಿ ಪರೀಕ್ಷೆ.

"ಅವ್ವಾ, ನೆನ್ನೆ ಮಧ್ಯಾಹ್ನ ಏನ್ ಉಂಡೆ?"

"ಮುದ್ದೆ, ಅವರೇಕಾಳು ಸಾರು, ಒಂದ್ ಚೂರು ಉಪ್ಪಿನ್ಕಾಯಿ. ಉಪ್ಪಿನ್ಕಾಯಿ ನಿನ್ನ್ ಎಂಡ್ತಿ ಕೊಟ್ಟಿದ್ದು, ಉಪ್ಪು ಜಾಸ್ತಿ. ನೀನೇನ್ಲಾ ಉಂಡೆ?"

ಆ ಕಡೆ ಫೋನು ಕೆಳಗಿಟ್ಟ ಸದ್ದು. ಆಮೇಲೆ ಭಾವನ ದನಿ ದೂರದಿಂದ, "ಲೇ ಇವಳೇ, ನೆನ್ನೆ ನಾನು ಏನೇ ಊಟ ಮಾಡ್ದೆ?"

ಆದರೂ ಅವನ ತೀರ್ಮಾನ ಅಲುಗಲಿಲ್ಲ. ಅವನ ತಂಗಿ ಕೆ.ಆರ್. ನಗರದಲ್ಲಿ ಹೊಸ ಮನೆ ಕಟ್ಟಿಸಿದ್ದಳು. ಅತ್ತೆಗೆ ಮಗಳ ಗೃಹಪ್ರವೇಶಕ್ಕೆ ತನ್ನ ಬದನೆಕಾಯಿ ಕಾರನ್ನು ತಾನೇ ಓಡಿಸಿಕೊಂಡು ಹೋಗಿ ಬಾಗಿಲ ಮುಂದೆ ನಿಲ್ಲಿಸಬೇಕೆಂಬ ಆಸೆ. ಭಾವ ಅದಕ್ಕೆ ಮುಂಚೆಯೇ ಕಾರು ಮಾರುತ್ತೇನೆ ಎಂದ. ಗಿರಾಕಿಯನ್ನೂ ಗೊತ್ತು ಮಾಡಿದ. ಗೃಹಪ್ರವೇಶ ಮುಗಿದ ಮೇಲೆ ಮೈಸೂರಿಗೆ ಕರೆದುಕೊಂಡು ಹೋಗಿ ಮರೆವಿನ ಡಾಕ್ಟರಿಗೆ ತೋರಿಸುವುದು ಅಂತಲೂ ಆಯಿತು.

ಅತ್ತೆ ನನಗೆ ಫೋನು ಮಾಡಿದಳು. ಅವಳು ಅಳುವವಳಲ್ಲ. ಆದರೆ ಅವತ್ತು ದನಿ ಬೇರೆಯಾಗಿತ್ತು.

"ನೋಡ್ಲಾ, ಇವತ್ತು ಕಾರು ಕಿತ್ಕತನೆ. ನಾಳೀಕೆ ಬೀರು ಬೀಗ. ನಾಡಿದ್ದು 'ಒಲೆ ಮುಂದೆ ಕೂರ್ಬ್ಯಾಡ ಕಣವ್ವಾ, ಗ್ಯಾಸ್ ಆರ್ಸಾದ್ ಮರೀತೀಯ' ಅಂತನೆ. ಆಮೇಕೆ ನಾನೇನ್ ಮಾಡ್ಲಿ? ಗ್ವಾಡೆ ನೋಡ್ಕಂಡ್ ಕೂರ್ಲಾ? ನೀ ಒಸಿ ಬಾ."

ಹೋದೆ. ಮೊದಲು ಅವಳೂ ನಾನೂ ಪಿರಿಯಾಪಟ್ಟಣದ ಮೆಕ್ಯಾನಿಕ್ಕಿನ ಹತ್ತಿರ ಹೋದೆವು. ಅವನು ವಿಷಯವನ್ನು ಚೆನ್ನಾಗಿ ಬಿಡಿಸಿ ಹೇಳಿದ. ಪ್ರತಿ ಬಾಗಿಲ ಚೌಕಟ್ಟಿನಲ್ಲೂ ಮೊಟಕು ಬೆರಳಿನಂಥ ಒಂದು ಗುಂಡಿ ಇರುತ್ತದೆ. ಬಾಗಿಲು ಹಾಕಿದಾಗ ಅದು ಒಳಕ್ಕೆ ಅದುಮಿಕೊಳ್ಳುತ್ತದೆ, ದೀಪ ಆರುತ್ತದೆ. ನಾಲ್ಕರಲ್ಲಿ ಯಾವ ಒಂದು ಗುಂಡಿ ಸರಿಯಾಗಿ ಅದುಮಿಕೊಳ್ಳದಿದ್ದರೂ ದೀಪ ಉರಿಯುತ್ತಲೇ ಇರುತ್ತದೆ.

ಅತ್ತೆ ತಲೆದೂಗಿ, "ಒಟ್ಟೆ ಅಮುಕಿದ್ರೆ ಕಣ್ ಮುಚ್ಚೋ ಗೊಂಬೆ ಇರ್ತದಲ್ಲ, ಅಂಗೆ" ಎಂದಳು.

ಮೆಕ್ಯಾನಿಕ್ಕು ನಾಲ್ಕೂ ಬಾಗಿಲನ್ನು ತೆಗೆದು ಧಡಾರ್ ಧಡಾರ್ ಎಂದು ಹಾಕಿದ. ಅತ್ತೆ ಒಂದೊಂದು ಸಲವೂ ಕಣ್ಣು ಮುಚ್ಚಿಕೊಂಡಳು. ದೀಪ ಆರಿತು! ಮತ್ತೆ ತೆಗೆದು ಹಾಕಿದ. ಮತ್ತೆ ಆರಿತು!

"ನನ್ ಮುಂದೆ ಚೆನ್ನಾಗೇ ಆರ್ತಾ ಐತಲ್ಲಮ್ಮ?"

ಡಾಕ್ಟರ ಮುಂದೆ ಕೂತ ತಕ್ಷಣ ಹಲ್ಲುನೋವು ಮಾಯವಾಗುವುದಿಲ್ಲವೇ, ಹಾಗೆ. ಆದರೂ ಬಂದ ತಪ್ಪಿಗೆ ಡ್ರೈವರ್ ಕಡೆಯ ಗುಂಡಿಯನ್ನು ಬದಲಾಯಿಸಿದ. ಹೆಚ್ಚಾಗಿ ತೆಗೆಯುವುದು ಅದೊಂದೇ ಬಾಗಿಲು, ಸವೆದಿದ್ದರೆ ಅದೇ ಸವೆದಿರಬೇಕು ಎಂಬುದು ಅವನ ಲೆಕ್ಕ. ಕೊನೆಗೆ, "ಇಷ್ಟಕ್ಕೂ ಸರಿ ಓಗ್ಲಿಲ್ಲ ಅಂದ್ರೆ ದೀಪದ ಪಕ್ಕದಲ್ಲೇ ಸ್ವಿಚ್ಚದೆ ನೋಡಿ, ಪೂರ್ತಿ ಆಫ್ ಮಾಡ್ಬುಡಿ. ಉರಿಯೋದೇ ಬ್ಯಾಡ" ಎಂದ.

ಎಂಥ ಸುಲಭದ ದಾರಿ! ನಾನಾಗಿದ್ದರೆ ಅಲ್ಲೇ ಆಫ್ ಮಾಡಿ ಕಾಫಿ ಕುಡಿಯಲು ಹೋಗುತ್ತಿದ್ದೆ. ಅತ್ತೆ ಒಪ್ಪಲಿಲ್ಲ.

"ಆಫ್ ಮಾಡ್ಬುಟ್ರೆ ನನ್ ಮಗ ಏನಂತನೆ? 'ನೋಡಿದ್ರಾ, ನಮ್ಮವ್ವ ಮರೀತಾಳೆ ಅಂತ ದೀಪವೇ ಆರ್ಸಿದ್ರು' ಅಂತನೆ. ದೀಪ ಹತ್ಬೇಕು, ತಾನಾಗೇ ಆರ್ಬೇಕು. ಅಲ್ಲೀಗಂಟ ನಾ ಬುಡಾಕಿಲ್ಲ."

ಆಗ ನನಗೆ ಅರ್ಥವಾಯಿತು, ನಾವು ರಿಪೇರಿಗೆ ತಂದಿರುವುದು ಕಾರನ್ನಲ್ಲ.

ಊರಿಗೆ ವಾಪಸು ಬಂದ ಮೇಲೆ ಅತ್ತೆ ತನ್ನದೇ ತನಿಖೆ ಆರಂಭಿಸಿದಳು. ಹೊಗೆಸೊಪ್ಪನ್ನು ಶಾಖಕ್ಕಿಟ್ಟು ಹದ ಮಾಡುವ ಮುಂಚೆ ಬ್ಯಾರನ್ನಿನಲ್ಲಿ ಎಲ್ಲಿ ಸಂದು ಬಿಟ್ಟಿದೆ ಎಂದು ನೋಡುವ ಒಂದು ಕ್ರಮವಿದೆ. ಒಬ್ಬರು ಒಳಗೆ ಕೂತು ಬಾಗಿಲು ಹಾಕಿಸಿಕೊಳ್ಳುವುದು. ಹೊರಗಿನ ಬಿಸಿಲು ಎಲ್ಲಿ ಸೂಜಿಯಂತೆ ಇಣುಕುತ್ತದೋ ಅಲ್ಲಿಗೆ ಮಣ್ಣು ಮೆತ್ತುವುದು. ಅತ್ತೆ ಈ ಕ್ರಮವನ್ನು ಕಾರಿಗೆ ಅನ್ವಯಿಸಿದಳು. ಶನಿವಾರ ಸಂಜೆ ಕಾರನ್ನು ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿ ತಾನು ಹಿಂದಿನ ಸೀಟಿನಲ್ಲಿ ಕೂತಳು. ಬಾಗಿಲುಗಳನ್ನು ನಾನು ಹಾಕಿದೆ. ದೀಪ ಆರಿತು. ಅವಳು ಒಳಗೆ, ನಾನು ಹೊರಗೆ, ಒಬ್ಬರ ಮುಖ ಒಬ್ಬರು ನೋಡುತ್ತಾ ಕಾದೆವು. ಹಸು ನಮ್ಮಿಬ್ಬರ ಮುಖ ನೋಡುತ್ತಾ ಕಾದಿತು. ನನಗೆ ಬೇಜಾರಾಗಿ ಟೀ ಕುಡಿಯಲು ಅಡುಗೆಮನೆಗೆ ಹೋದೆ. ಲೋಟ ಬಾಯಿಗಿಡುವಷ್ಟರಲ್ಲಿ ಶೆಡ್ಡಿನಿಂದ ಕಿರುಚು: "ಅತ್ಕತ್ಲಾ! ಅತ್ಕತ್! ಯಾರೂ ಮುಟ್ಲಿಲ್ಲ, ತಾನಾಗೇ ಅತ್ಕತು!"

ಓಡಿದೆ. ಹೌದು, ನಾಲ್ಕೂ ಬಾಗಿಲು ಹಾಕಿದೆ, ದೀಪ ಉರಿಯುತ್ತಿದೆ, ಅದರ ಕೆಳಗೆ ಅತ್ತೆ ಕುಣಿಯುತ್ತಿದ್ದಾಳೆ. ಕಾರಿನೊಳಗೆ ಎಷ್ಟು ಕುಣಿಯಲು ಸಾಧ್ಯವೋ ಅಷ್ಟು.

ಆದರೆ ಎಲ್ಲಿಂದ? ಯಾವ ಬಾಗಿಲು? ಅದು ಗೊತ್ತಾಗಲಿಲ್ಲ. ನಾನು ಭಾವನಿಗೆ ಫೋನು ಮಾಡಿ, ನಾನೇ ಕಣ್ಣಾರೆ ನೋಡಿದೆ ಎಂದೆ. ಅವನು, "ನೀನ್ ಬುಡು, ಚಿಕ್ಕಂದಿನಿಂದ ನಮ್ಮವ್ವನ ಕಡೆಯೋನೇ" ಎಂದು ಇಟ್ಟುಬಿಟ್ಟ.

ಮಾರನೆಯ ದಿನ ಭಾನುವಾರ, ಭಾವ ಗಿರಾಕಿಯನ್ನು ಕರೆದುಕೊಂಡೇ ಬಂದ. ಹಾರನಹಳ್ಳಿ ಕಡೆಯ ಒಬ್ಬ ದಪ್ಪನೆಯ ಮನುಷ್ಯ. ಕಾರಿನ ಸುತ್ತ ಒಂದು ಸುತ್ತು ಹಾಕಿ, ಟೈರನ್ನು ಕಾಲಿನಿಂದ ಒದ್ದು ನೋಡಿದ. ಅತ್ತೆ ಅವನನ್ನು ಹೇಗೆ ನೋಡಿದಳೆಂದರೆ ಆ ಕಾಲು ತಾನಾಗಿಯೇ ಚಪ್ಪಲಿಯೊಳಗೆ ಮುದುಡಿಕೊಂಡಿತು. ಆದರೂ ಮನೆಗೆ ಬಂದವನು. ಊಟಕ್ಕೆ ಹಾಕದೆ ಕಳಿಸುವ ಮಾತೇ ಇಲ್ಲ. ನಾಲ್ವರೂ ಜಗಲಿಯ ಮೇಲೆ ಕೂತೆವು. ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ.

ಮಾತು ನೇರವಾಗಿ ದೀಪಕ್ಕೆ ಬಂತು.

"ಅವ್ವಾ, ನೀನು ಬಾಗ್ಲು ಹಾಕೋದು ನಾ ಕಾಣ್ನಾ? ಮುದ್ದು ಮಾಡ್ದಂಗೆ ಹಾಕ್ತೀಯ. ಅರ್ಧ ಹಿಡ್ಕತದೆ. ಹಾಕಿದ್ನೋ ಇಲ್ವೋ ಅಂತ ನಿಂಗೂ ಮರ್ತೋಗಿರ್ತದೆ."

"ಅರ್ಧ ಹಿಡ್ದಿದ್ರೆ ನೆನ್ನೆ ಇವನು ಹಾಕಿದ್ನಲ್ಲಾ, ಆಗ್ಲೂ ಯಾಕ್ಲಾ ಅತ್ಕತು?"

"ಇವನೂ ಮೆಲ್ಲಗೆ ಹಾಕಿರ್ತಾನೆ, ನಿನ್ನ ಮೆಚ್ಚಿಸಕ್ಕೆ."

ಅತ್ತೆ ಮುದ್ದೆಯಲ್ಲಿ ಒಂದು ತುತ್ತು ಮುರಿದು ಸಾರಿಗೆ ಅದ್ದಲು ಹೋದವಳು ಅಲ್ಲೇ ಕೈ ತಡೆದಳು. ತುತ್ತನ್ನು ಬೆರಳುಗಳ ನಡುವೆ ಒತ್ತಿ ನೋಡಿದಳು. ಬೆರಳಿನ ಗುರುತು ಮುದ್ದೆಯ ಮೇಲೆ ಸ್ಪಷ್ಟವಾಗಿ ಮೂಡಿತು. ಇನ್ನೊಮ್ಮೆ ಒತ್ತಿದಳು. ಅವಳ ಮುಖದಲ್ಲಿ ಏನೋ ಹತ್ತಿಕೊಂಡಿತು.

ಎದ್ದಳು. ಎಂಜಲು ಮಾಡದ ಇನ್ನೊಂದು ಮುದ್ದೆಯನ್ನು ಪಾತ್ರೆಯಿಂದ ತೆಗೆದುಕೊಂಡು ಸೀದಾ ಕಾರಿನ ಹತ್ತಿರ ನಡೆದಳು. ನಾವೂ ತಟ್ಟೆ ಹಿಡಿದುಕೊಂಡು ಹಿಂದೆಯೇ. ಗಿರಾಕಿ ಮಾತ್ರ ತಟ್ಟೆಯ ಜೊತೆ ಪಲ್ಯದ ಬಟ್ಟಲನ್ನೂ ತಂದ.

ಅತ್ತೆ ನಾಲ್ಕೂ ಬಾಗಿಲು ತೆಗೆದಳು. ಮುದ್ದೆಯಿಂದ ಕಡಲೆಕಾಳಿನ ಗಾತ್ರದ ನಾಲ್ಕು ಉಂಡೆ ಕಟ್ಟಿ, ನಾಲ್ಕು ಗುಂಡಿಗಳ ತುದಿಗೂ ಒಂದೊಂದು ಮೆತ್ತಿದಳು. ಆಮೇಲೆ ಕೈ ಕಟ್ಟಿಕೊಂಡು ಹಿಂದೆ ಸರಿದು ನಿಂತಳು.

"ಈಗ ನೀನೇ ಆಕ್ಲಾ ಬಾಗ್ಲ. ನಾ ಮುಟ್ಟಾಕಿಲ್ಲ. ನಿನಗೆಂಗ್ ಬೇಕೋ ಅಂಗೆ ಆಕು. ಧಡಾರಂತ್ಲೇ ಆಕು."

ಅವಳು ಧಡಾರ್ ಎನ್ನಲು ಅಪ್ಪಣೆ ಕೊಟ್ಟದ್ದನ್ನು ನಾನು ಅದೇ ಮೊದಲು ಕೇಳಿದ್ದು. ಭಾವ ಎಡಗೈಯಿಂದ ನಾಲ್ಕೂ ಬಾಗಿಲನ್ನು ಜಪ್ಪಿ ಜಪ್ಪಿ ಹಾಕಿದ.

"ಈಗ ತಗಿ."

ಡ್ರೈವರ್ ಬಾಗಿಲು ತೆಗೆದ. ಮುದ್ದೆ ಉಂಡೆ ಹಪ್ಪಳಕ್ಕಿಂತ ತೆಳ್ಳಗೆ ಅಪ್ಪಚ್ಚಿಯಾಗಿತ್ತು. ಅದರ ಹಿಂದಿನದು, ಅದೂ ಹಪ್ಪಳ. ಆ ಕಡೆ ಮುಂದಿನದು, ಹಪ್ಪಳ. ಹಿಂದಿನ ಎಡಗಡೆ ಬಾಗಿಲು ತೆಗೆದರೆ, ಉಂಡೆ ಉಂಡೆಯಾಗಿಯೇ ಕೂತಿದೆ! ನೆತ್ತಿಯ ಮೇಲೆ ಚೂರೇ ಚೂರು ಚಪ್ಪಟೆಯಾಗಿದ್ದು ಬಿಟ್ಟರೆ ದುಂಡಗೆ, ಆರೋಗ್ಯವಾಗಿ, ನಮ್ಮನ್ನೇ ನೋಡುತ್ತಿದೆ.

"ಇವನೇ ಕಳ್ಳ!" ಎಂದು ಕೂಗಿದ್ದು ಗಿರಾಕಿ. (ಅತ್ತೆಯ ಪ್ರಕಾರ ಕೂಗಿದ್ದು ಅವಳೇ. ಭಾವ ಈಗೀಗ ಹುಣಸೂರಿನ ಅಂಗಡಿಯಲ್ಲಿ ಈ ಕಥೆ ಹೇಳುವಾಗ, ಮುದ್ದೆ ಇಟ್ಟು ನೋಡೋಣ ಎಂಬ ಐಡಿಯಾ ಕೊಟ್ಟಿದ್ದೇ ತಾನು ಅನ್ನುತ್ತಾನೆ! ನನಗೆ ಕೇಳಿಸಿದ ದನಿಯಲ್ಲಿ ಮಾತ್ರ ಪಲ್ಯ ತುಂಬಿಕೊಂಡಿತ್ತು.)

ಅತ್ತೆ ಉಂಡೆಯನ್ನು ಕಿತ್ತು ಗುಂಡಿಯನ್ನು ಸೆರಗಿನಿಂದ ಒರೆಸಿದಳು. ಮಿಕ್ಕ ಮೂರು ಗುಂಡಿಗಳ ತಲೆಯ ಮೇಲೆ ಕಪ್ಪು ರಬ್ಬರಿನ ಪುಟ್ಟ ಟೋಪಿ ಇತ್ತು. ಮೆಕ್ಯಾನಿಕ್ಕು ಹಾಕಿದ ಹೊಸದೊಂದು ಬಿಟ್ಟರೆ ಧೂಳು ಹಿಡಿದು ಮೂರೂ ಒಂದೇ ಥರ ಕಾಣುತ್ತಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಇದೊಂದು ಮಾತ್ರ ಬೋಳುತಲೆ! ಟೋಪಿ ಹರಿದು ಹೋಗಿತ್ತು. ಬಾಗಿಲು ಅದರ ತಲೆಗೆ ತಾಗಿಯೂ ತಾಗದ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಹಾಕಿದ ಹೊಸತರಲ್ಲಿ ಹೇಗೋ ಅದುಮಿಕೊಂಡು ದೀಪ ಆರುವುದು, ಸ್ವಲ್ಪ ಹೊತ್ತಾದ ಮೇಲೆ ಬಾಗಿಲಿನ ಸುತ್ತಲ ರಬ್ಬರು ಉಸಿರು ಬಿಟ್ಟಂತೆ ಬಾಗಿಲನ್ನು ಒಂದು ಕೂದಲೆಳೆ ಆಚೆ ನೂಕುವುದು, ದೀಪ ಮತ್ತೆ ಹತ್ತಿಕೊಳ್ಳುವುದು. ಸಂಜೆ ಅತ್ತೆ ನೋಡಿದ್ದೂ ನಿಜ, ಬೆಳಿಗ್ಗೆ ಊರು ನೋಡಿದ್ದೂ ನಿಜ.

ಇಷ್ಟಕ್ಕೇ ನಿಲ್ಲಿಸಿದ್ದರೂ ಅತ್ತೆ ಗೆದ್ದ ಹಾಗೆಯೇ. ಆದರೆ ಅವಳು ಗುಂಡಿಯ ಕೆಳಗಿನ ಸಂದಿಗೆ ಬೆರಳು ಹಾಕಿ ಏನನ್ನೋ ಕೆದಕಿ ತೆಗೆದಳು. ಗೋಣಿಚೀಲದ ಎರಡು ನಾರು. ಅದಕ್ಕೆ ಸಿಕ್ಕಿಕೊಂಡು ಸುಕ್ಕುಸುಕ್ಕಾದ ಒಂದು ಒಣಗಿದ ಚೂರು. ಉಗುರಿನಿಂದ ಮುರಿದು ಮೂಸಿದಳು. ನನ್ನ ಮೂಗಿಗೆ ಹಿಡಿದಳು. ಗಿರಾಕಿಯ ಮೂಗಿಗೆ ಹಿಡಿದಳು. ಕೊನೆಗೆ ಮಗನ ಮೂಗಿಗೆ.

"ಏನ್ಲಾ ಇದು?"

"ಶುಂಠಿ."

"ನಾನು ಶುಂಠಿ ಬೆಳೀತೀನೇನ್ಲಾ?"

"ಇಲ್ಲ."

"ಈ ಮನೇಲಿ ಯಾರ್ಲಾ ಬೆಳೆಯೋರು?"

"ನಾನು... ಆದ್ರೆ ಅವ್ವಾ, ನಿನ್ ಕಾರ್ನಲ್ಲಿ ನಾ ಯಾವ್ದೇ ಮೂಟೆ ಹಾಕಿಲ್ಲ. ದೇವ್ರಾಣೆ."

ಅತ್ತೆ ಕಣ್ಣು ಮುಚ್ಚಿ ಶುರು ಮಾಡಿದಳು. "ಬಿತ್ನೆ ಕಾಲ. ಟೆಂಪೋದವ್ನು ಕೈ ಕೊಟ್ಟ. ನೀ ಬಂದು 'ಅವ್ವಾ, ಕಾರ್ ಬೀಗ ಕೊಡು, ಕ್ವಾಟೆಗೆ ಓಗ್ ಬತ್ತೀನಿ' ಅಂದೆ. ನೀಲಿ ಗೀಟಿನ ಅಂಗಿ ಆಕ್ಕಂಡಿದ್ದೆ, ಮ್ಯಾಗಳ ಗುಂಡಿ ಕಿತ್ತೋಗಿತ್ತು. ಹಿಂದ್ಗಡೆ ಸೀಟ್ ಮೇಲೆ ಬಿತ್ನೆ ಶುಂಠಿ ಮೂಟೆ ಆಕ್ಕಂಡ್ ಬಂದೆ. ಈ ಎಡಗಡೆ ಬಾಗ್ಲಲ್ಲಿ ಸಿಕ್ಕಾಕ್ಕಂಡು ಬರ್ಲಿಲ್ಲ, ಒದ್ದು ಎಳ್ದೆ. ಬೆವ್ರು ಒರಸ್ಕಂಡು ಮಜ್ಜಿಗೆ ಕೇಳ್ದೆ. ಮಜ್ಜಿಗೆ ಆಗೋಗಿತ್ತು, ನಿಂಬೆಹಣ್ಣಿನ ಪಾನಕ ಕೊಟ್ಟೆ. ಸಕ್ರೆ ಸಾಲ್ದು ಅಂದೆ."

ಭಾವನ ಮುಖ ನೋಡಬೇಕಿತ್ತು! ಮೊದಲು ಸಿಟ್ಟು, ಆಮೇಲೆ ಅನುಮಾನ. ಪಾನಕದ ಹೊತ್ತಿಗೆ ಬಾಯಿ ತಾನಾಗಿ ತೆರೆದುಕೊಂಡಿತು. ಮೆಲ್ಲಗೆ ಅಂದ:

"ಹೌದಲ್ಲವ್ವಾ... ನಂಗೆ ಮರ್ತೇಹೋಗಿತ್ತು."

ಗಿರಾಕಿ ಪಲ್ಯದ ಬಟ್ಟಲು ಕೆಳಗಿಟ್ಟ.

"ಏನಂದೆ?" ಅತ್ತೆ ಕಿವಿಯ ಹಿಂದೆ ಕೈ ಇಟ್ಟುಕೊಂಡಳು. "ಒಸಿ ಗಟ್ಯಾಗಿ ಏಳ್ಲಾ. ಇವ್ರಿಗೂ ಕೇಳ್ಸ್ಲಿ."

ಮೊದಲು ನಕ್ಕಿದ್ದು ಗಿರಾಕಿ. ನೆತ್ತಿಗೆ ಹತ್ತಿ ಕೆಮ್ಮಿ ಕೆಮ್ಮಿ ನಕ್ಕ. ನಾನು ನಕ್ಕ ರಭಸಕ್ಕೆ ತಟ್ಟೆ ವಾಲಿತು. ಅಂಗಿಯ ಮೇಲಿನ ಕಲೆ ಆಗಿನದು. ಕೊನೆಗೆ ಭಾವನೂ ತಲೆ ಕೆರೆದುಕೊಂಡು ನಕ್ಕ. ಅತ್ತೆ ಮಾತ್ರ ನಗದೆ, "ಮೈಸೂರ್ ಡಾಕ್ಟ್ರ ತಾವ್ಕೆ ಓಗಾನ ಬುಡು. ನೀನು ತೋರಿಸ್ಕ. ನಾ ಕಾರ್ ಓಡ್ಸ್ಕಂಡ್ ಬತ್ತೀನಿ" ಎಂದಳು!

ಇನ್ನು ಟೋಪಿಯ ಪ್ರಶ್ನೆ. ಪೇಟೆಗೆ ಹೋಗಿ ತರೋಣ ಎಂದರೆ ಅವಳಿಗೆಲ್ಲಿಯ ತಾಳ್ಮೆ? ಹಸುವಿನ ಇಂಜೆಕ್ಷನ್ ಬಾಟಲಿಗಳ ರಬ್ಬರ್ ಮುಚ್ಚಳಗಳನ್ನು ಅವಳು ಯಾಕೆಂದು ಗೊತ್ತಿಲ್ಲದೆಯೇ ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದಳು. ಒಂದನ್ನು ತಂದು ಬೋಳುತಲೆಗೆ ತೊಡಿಸಿದಳು. ದಪ್ಪವಾಯಿತು, ಬಾಗಿಲೇ ಕೂರಲಿಲ್ಲ. ಬ್ಲೇಡಿನಿಂದ ಹೆರೆದಳು. ಮತ್ತೆ ಉಂಡೆ, ಮತ್ತೆ ಬಾಗಿಲು. ಈಗ ಮುದ್ದೆ ದಪ್ಪನೆಯ ಹಲಸಿನ ಹಪ್ಪಳ, ಹೆರೆದದ್ದು ಹೆಚ್ಚಾಗಿತ್ತು. ಇನ್ನೊಂದು ಮುಚ್ಚಳ ತಂದು ಕಡಿಮೆ ಹೆರೆದಳು. ಈಗ ಉದ್ದಿನ ಹಪ್ಪಳ! ಅತ್ತೆ ಬಾಗಿಲನ್ನು ತನ್ನ ಪದ್ಧತಿಯಂತೆ ಒರಗಿಸಿ ಸೊಂಟದಿಂದ ಮೆಲ್ಲಗೆ ಒತ್ತಿದಳು. ಟಕ್. ದೀಪ ಆರಿತು. ನಾವು ನಾಲ್ವರೂ ನಾಲ್ಕು ಗಾಜುಗಳಿಗೆ ಮೂಗು ಒತ್ತಿ ನಿಂತೆವು. ಕಾಫಿಯೂ ಅಲ್ಲಿಗೇ ಬಂತು. ಬಿಸಿಲು ಇಳಿಯಿತು, ಹಸು ಕರೆಯುವ ಹೊತ್ತಾಯಿತು, ದೀಪ ಹತ್ತಲಿಲ್ಲ. ಹತ್ತಲೇ ಇಲ್ಲ!

ಹೊರಡುವಾಗ ಭಾವ ಗಿರಾಕಿಯ ಕಡೆ ತಿರುಗಿ, "ಈಗ ಏನಂತೀರಿ? ಕಾರು ರಿಪೇರಿ ಆಯ್ತಲ್ಲ" ಎಂದ. ಗಿರಾಕಿ ಕೈ ಮುಗಿದ. "ಕಾರೊಂದೇ ತಕ್ಕಂಡು ನಾ ಏನ್ ಮಾಡ್ಲಿ ಸ್ವಾಮಿ? ಈ ಅವ್ವನೂ ಜೊತೇಲಿ ಬತ್ತರೆ ಅಂದ್ರೆ ಯೋಚ್ನೆ ಮಾಡ್ತೀನಿ."

ಮರುದಿನ ಬೆಳಿಗ್ಗೆ ಡೈರಿಯ ಜನ ಎಂದಿನಂತೆ ಬಂದು ಕ್ಯಾನುಗಳನ್ನು ಕಾರಿನ ಮೇಲಿಟ್ಟು ಅಂಗಿಯ ತೋಳು ಮಡಚಿಕೊಂಡರು. ಅತ್ತೆ ಬರಿಗಾಲಲ್ಲಿ ಬಂದು ಕೂತು ಬೀಗ ತಿರುಗಿಸಿದಳು. ಒಂದೇ ಸಲಕ್ಕೆ, ಗುರ್ ಎಂದಿತು! ತಳ್ಳಲು ಬಗ್ಗಿದ್ದವರು ಬಗ್ಗಿದಂತೆಯೇ ನಿಂತರು. ಪಾಪ, ಅವರಿಗೆ ನಿರಾಸೆಯೇ ಆಯಿತೇನೋ. ಇಷ್ಟು ದಿನದ ರೂಢಿ.

ಸುದ್ದಿ ಹಬ್ಬಿತು. ಊರಿನಲ್ಲಿ ಬಾಗಿಲು ಸರಿಯಾಗಿ ಕೂರದ ಯಾವ ವಸ್ತು ಇದ್ದರೂ ಅತ್ತೆಯ ಮುಂದೆ ಹಾಜರು. ಒಬ್ಬರ ಮನೆಯ ಫ್ರಿಜ್ಜಿನ ಬಾಗಿಲಿನ ಸುತ್ತ ಅವಳು ಮುದ್ದೆಯ ಹಾರವನ್ನೇ ಮೆತ್ತಿ, ಎಲ್ಲಿಂದ ತಣ್ಣಗಾಳಿ ಸೋರುತ್ತಿದೆ ಎಂದು ತೋರಿಸಿಕೊಟ್ಟಳು. ಅಡುಗೆಮನೆಯಲ್ಲಿ ಈಗ ಯಾವಾಗಲೂ ಒಂದು ಮುದ್ದೆ ಹೆಚ್ಚಿಗೆ ಬೇಯುತ್ತದೆ. ಗಟ್ಟಿಯಾಗಿರಬೇಕು, ಹಳಸಿರಬಾರದು, ಗೋಧಿಹಿಟ್ಟು ಆಗುವುದಿಲ್ಲವಂತೆ. ಅದು ಮತ್ತೆ ಉಬ್ಬಿಕೊಂಡು ಸುಳ್ಳು ಹೇಳುತ್ತದೆ.

ಗೃಹಪ್ರವೇಶದ ದಿನ ಅತ್ತೆಯೇ ಓಡಿಸಿದಳು, ಇನ್ನೇನು ಮತ್ತೆ? ಕಾರಿಗೆ ಸೇವಂತಿಗೆ ಹಾರ. ನಾನು ಮುಂದಿನ ಸೀಟಿನಲ್ಲಿ. ಹುಣಸೂರಿನಲ್ಲಿ ಭಾವ ಹತ್ತಿಕೊಂಡು ಹಿಂದೆ, ಅದೇ ಎಡಗಡೆ ಬಾಗಿಲಿನ ಪಕ್ಕ ಕೂತ. ಕೂತವನೇ ತಲೆ ವಾಲಿಸಿ ನಿದ್ದೆ ಹೋದ. ಅಥವಾ ಹೋದಂತೆ ನಮಗೆ ಕಂಡಿತು. ಕೆ.ಆರ್. ನಗರದ ಕಡೆ ತಿರುಗಿಕೊಂಡ ಮೇಲೆ ಎರಡೂ ಬದಿಗೆ ಹಸಿರು ಗದ್ದೆಗಳು ಬಂದವು. ಅತ್ತೆ ಗೆದ್ದ ಪೈಲ್ವಾನನಂತೆ ಸ್ಟೇರಿಂಗಿನ ಮೇಲೆ ಕೈ ಚಾಚಿಕೊಂಡು ಕೂತಿದ್ದಳು.

"ಅತ್ತೆ, ಎಲ್ಲಾರ್ನೂ ಗೆದ್ದೆ ಬುಡು. ಇಷ್ಟು ಜನ ಹೇಳ್ತಿದ್ರೂ ನಿಂಗೆ ಒಂದಿನಾನೂ ಅನುಮಾನ ಬರ್ಲಿಲ್ವಾ?" ಎಂದು ಕೇಳಿದೆ. ಹೊಗಳಲೆಂದು ಕೇಳಿದ್ದು.

ಅವಳು ಎದುರಿಗೆ ಬಂದ ಎತ್ತಿನ ಗಾಡಿಗೆ ದಾರಿ ಬಿಟ್ಟಳು.

"ಬಂದಿತ್ತು ಕಣ್ಲಾ."

ನಾನು ಅವಳ ಕಡೆ ತಿರುಗಿ ಕೂತೆ.

"ದಿನಾ ಸಂಜೆ ಬಾಗ್ಲು ಆಕದ್ಕೆ ಮುಂಚೆ ಕಾರೊಳ್ಗೇ ಕೂತ್ಕಂಡು ನಿಮ್ಮೆಲ್ಲಾರ ಎಸ್ರೂ ಏಳ್ಕತಿದ್ದೆ. ಮಗ, ಮಗ್ಳು, ಮೊಮ್ಮಕ್ಳು, ನೀನು, ನಿಮ್ಮಪ್ಪ, ಅಸ ಕರ. ಒಂದ್ ಎಸ್ರು ತಪ್ಪಿದ್ರೂ ಬೀಗ ಕೊಟ್ಬುಡಾನ ಅಂತ. ಯಾವ್ದೂ ತಪ್ತಿರ್ಲಿಲ್ಲ. ಆದ್ರೆ ನಿಮ್ ಮಾವನ ತಾವ್ಕೆ ಬಂದಾಗ ಬಾಯಿ ನಿಂತೋಯ್ತಿತ್ತು. ಗಂಡನ್ ಎಸ್ರು ಏಳಾಕಿಲ್ವಲ್ಲ ನಾವು. ಮದ್ವೆ ದಿನ ಎಲ್ಲಾ ಸೇರ್ಕಂಡು ಬಲವಂತ್ವಾಗಿ ಏಳ್ಸಿದ್ರು, ಅದೇ. ಆಮ್ಯಾಕೆ ಇಲ್ಲ. ಒಂದಿನ ಇದ್ದಕ್ಕಿದ್ದಂಗೆ ದಿಗ್ಲಾಯ್ತು ಕಣ್ಲಾ. ಏಳಬಾರ್ದು ಅಂತ ಬಾಯಿ ನಿಲ್ತಾ ಅದೋ, ಮರ್ತು ನಿಲ್ತಾ ಅದೋ?"

ಹಿಂದಿನ ಸೀಟಿನಲ್ಲಿ ಭಾವ ತಲೆ ಎತ್ತಿದ್ದು ಕನ್ನಡಿಯಲ್ಲಿ ಕಂಡಿತು. ಅವನ ಕಣ್ಣಲ್ಲಿ ನಿದ್ದೆ ಇರಲಿಲ್ಲ.

"ಆಮೇಲೆ?" ಎಂದೆ.

"ಗಾಜೆಲ್ಲಾ ಏರ್ಸ್ದೆ. ಸುತ್ತಮುತ್ತ ಯಾರಾರ ಅವ್ರಾ ನೋಡ್ದೆ. ಬಾಯ್ತುಂಬ ಏಳ್ಬುಟ್ಟೆ."

"ಬಂತಾ?"

"ಬಂತು."

ಗೇರು ಬದಲಾಯಿಸಿದಳು. ಮುಖ ಹೊಸ ಮದುವಣಗಿತ್ತಿಯಂತೆ ಕೆಂಪಾಗಿತ್ತು.

"ಚೆಂದಾಗಿತ್ತು ಕಣ್ಲಾ. ಅದ್ಕೇ ಇನ್ನೊಂದ್ ಸಲ ಏಳ್ದೆ."